ಮೇಜು ಸರಿ ಇಲ್ಲ

ನಮ್ಮ ಊರಿನ ಅಂಗಡಿಗಳಲ್ಲಿ ಗಾಜಿನ ಲೋಟ ಸಿಗುವುದಿಲ್ಲ. ಸ್ಟೀಲಿನದು, ಹಿತ್ತಾಳೆಯದು, ಮಣ್ಣಿನದು ಎಷ್ಟು ಬೇಕಾದರೂ ಸಿಗುತ್ತದೆ. ಹೋಟೆಲಿನವರು ನೀರನ್ನು ಮುಚ್ಚಳವಿರುವ ಚೊಂಬಿನಲ್ಲಿ ತಂದಿಡುತ್ತಾರೆ. ಹೇಳಬೇಕಾದದ್ದನ್ನು ಹೇಳದೆ ಒಳಗಿಟ್ಟುಕೊಂಡವರು ಹತ್ತಿರ ಕೂತರೆ ಇಲ್ಲಿನ ನೀರು ಅವರ ಕಡೆಗೆ ವಾಲುತ್ತದೆ. ಬಹಳವೇನಲ್ಲ. ಲೋಟದಲ್ಲಾದರೆ ಕಂಡೂ ಕಾಣದಷ್ಟು, ಬಕೆಟ್ಟಿನಲ್ಲಾದರೆ ಒಂದು ಬೆರಳಿನಷ್ಟು. ಅದನ್ನು ನೋಡದಿರುವುದು ಮರ್ಯಾದೆ. ಅಕಸ್ಮಾತ್ ಕಣ್ಣಿಗೆ ಬಿದ್ದೇಬಿಟ್ಟರೆ "ಮೇಜು ಸರಿ ಇಲ್ಲ" ಅನ್ನಬೇಕು. ಅಂದವರೇ ಎದ್ದು ಒಂದು ಕಾಗದ ಮಡಚಿ ಮೇಜಿನ ಕಾಲಿನಡಿ ಇಡಬೇಕು. ಹೀಗಾಗಿ ನಮ್ಮ ಊರಿನಲ್ಲಿ ಕಾಲಿನಡಿ ಕಾಗದವಿಲ್ಲದ ಮೇಜು ಅಪರೂಪ. ಗಾರೆ ಕೆಲಸದವರು ಮಾತ್ರ ಈ ಮರ್ಯಾದೆಗೆ ಹೊರಗು. ಅವರಿಗೆ ನೆಲದ ಮಟ್ಟ ನಿಜವಾಗಿ ತಿಳಿಯಬೇಕು. ಬೇರೆ ಊರಿನವರಂತೆ ಪೈಪಿಗೆ ನೀರು ತುಂಬಿ ಮಟ್ಟ ಹಿಡಿಯಲು ಹೋದರೆ ಯಜಮಾನರು ನಿಂತ ಕಡೆಗೆ ಗೋಡೆ ಏರುತ್ತದೆ. ಅದಕ್ಕೆ ಅವರು ಮಟ್ಟ ನೋಡಲು ಉರುಳಿಸುವ ಒಂದು ಗೋಲಿಯನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ.

ಇಂಥ ಊರಿನ ಒಂದು ನಡುಮನೆಯಲ್ಲಿ ನಾನು ಎರಡಡಿ ಉದ್ದದ ಗಾಜಿನ ತೊಟ್ಟಿ ತಂದಿಟ್ಟೆ. ಅದರ ಹಿಂದೆ ಧೈರ್ಯವೇನೂ ಇರಲಿಲ್ಲ, ಕುತೂಹಲವಿತ್ತು. ಒಂದು ದಿನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಂದುಕೊಂಡು ಬೇರೊಂದು ಸ್ಟೀಲ್ ಡಬ್ಬಿ ತೆಗೆದೆ. ಒಳಗೆ ನೀರು, ನೀರಿನಲ್ಲಿ ಕೆರೆಯಿಂದ ತಂದ ಒಂದು ಎಳೆ ಗಿಡ. ಬೆಳಕಿಲ್ಲದೆ ಬಿಳಿಚಿಕೊಂಡಿತ್ತು, ಆದರೂ ತುದಿಯಲ್ಲೊಂದು ಹೊಸ ಚಿಗುರಿತ್ತು. ಹಿಂದೆ ತಿರುಗಿದರೆ ಚಿತ್ಕಳಾ ಬಾಗಿಲಲ್ಲಿ ನಿಂತಿದ್ದಳು.

"ಮುಚ್ಚಿಟ್ಟರೂ ಬೆಳೆಯುತ್ತಾ ಅಂತ ನೋಡ್ತಿದ್ದೆ," ಅಂದಳು.

"ಬೆಳೆದಿದೆಯಲ್ಲ."

"ಉದ್ದ ಆಗಿದೆ ಅಷ್ಟೇ. ಅದು ಬೆಳೆಯೋದಲ್ಲ, ಬೆಳಕು ಹುಡುಕೋದು."

ಚಿತ್ಕಳಾ ನನ್ನ ಗಂಡ ಪಶುಪತಿಯವರ ಮಗಳು. ಒಂಬತ್ತನೆಯ ತರಗತಿ ಮುಗಿಸಿದ್ದಳು. ಅವಳ ತಾಯಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ಇಬ್ಬರ ತಲೆಯಲ್ಲೂ ಬಿಳಿಕೂದಲು ಬಂದ ಮೇಲೆ, ನಾನೂ ಪಶುಪತಿಯೂ ಮದುವೆಯಾದೆವು. ಮದುವೆಗೆ ಮುಂಚೆಯೇ ಒಂದು ಮಾತಾಗಿತ್ತು. ಹೊಳೆಯಾಚೆಯ ಪೇಟೆಯಲ್ಲಿರುವ ಸರ್ವಮಂಗಳ, ಎಂದರೆ ಚಿತ್ಕಳಾಳ ತಾಯಿಯ ತಂಗಿ, ಹತ್ತನೆಯ ತರಗತಿಯಿಂದ ಹುಡುಗಿಯನ್ನು ತನ್ನ ಮನೆಯಲ್ಲಿಟ್ಟುಕೊಳ್ಳುತ್ತೇನೆ ಎಂದಿದ್ದರು. ಚಿತ್ಕಳಾ ಒಪ್ಪಿದ್ದಾಳೆ ಎಂದು ಪಶುಪತಿ ನನಗೆ ಹೇಳಿದ್ದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಅವಳು ಹೊರಡಬೇಕು. ಅವಳು ನನ್ನನ್ನು ಅಮ್ಮ, ಚಿಕ್ಕಮ್ಮ, ಆಂಟಿ ಎಂದೇನೂ ಕರೆಯುತ್ತಿರಲಿಲ್ಲ. "ನೀವು" ಎನ್ನುತ್ತಿದ್ದಳು. ಅದರಲ್ಲಿ ಅಗೌರವವಾಗಲಿ ಸಿಟ್ಟಾಗಲಿ ನನಗೆ ಕಂಡಿರಲಿಲ್ಲ.

ನಾನು ಊರಿನ ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಕೆಲಸಕ್ಕೆ ಸೇರಿದ ದಿನ ಸಂಪಾದಕರು ಎರಡು ಪಾಠ ಹೇಳಿದ್ದರು. ನೀರು ತೋರಿಸಿದ್ದು ಸುದ್ದಿಯಲ್ಲ, ಮನುಷ್ಯ ಬಾಯಿಬಿಟ್ಟು ಹೇಳಿದ್ದು ಸುದ್ದಿ. ಎರಡನೆಯದು, ಯಾರ ಬಾಯಿಗೂ ನಾವು ಮಾತು ತುರುಕಬಾರದು. ಎರಡನ್ನೂ ಪಾಲಿಸಿದ್ದೇನೆ. ಮನೆಯಲ್ಲೂ ಪಾಲಿಸಿದೆ. ಚಿಕ್ಕಮ್ಮನ ಮನೆಗೆ ಹೋಗುವುದು ನಿನಗೆ ಇಷ್ಟವೇ ಎಂದು ಚಿತ್ಕಳಾಳನ್ನು ಕೇಳಲಿಲ್ಲ. ಹಾಗೆ ಕೇಳಿದರೆ ಪ್ರಶ್ನೆಯಲ್ಲಿಯೇ ಉತ್ತರ ಇಟ್ಟಂತಾಗುತ್ತದೆ ಎಂದುಕೊಂಡಿದ್ದೆ.

ಡಬ್ಬಿಯ ಗಿಡ ಕಂಡ ವಾರ ಕಚೇರಿಯ ಕೆಲಸಕ್ಕೆಂದು ದೂರದ ಊರಿಗೆ ಹೋದಾಗ ಅಲ್ಲಿನ ಅಲಂಕಾರ ಮೀನಿನ ಅಂಗಡಿಗೆ ಹೋದೆ. ಅಲ್ಲಿ ನೀರು ನೆಟ್ಟಗಿತ್ತು. ಆ ಊರಿನ ನೀರು ಹಾಗೆಯೇ. ತೊಟ್ಟಿ, ಫಿಲ್ಟರ್, ದೀಪ, ಒಂದು ಚೀಲ ಮಣ್ಣು, ಒದ್ದೆ ಕಾಗದದಲ್ಲಿ ಸುತ್ತಿದ ಗಿಡಗಳು, ನೀರು ಪರೀಕ್ಷಿಸುವ ಹನಿ ಔಷಧ ಎಲ್ಲ ಕೊಂಡೆ. ಮೀನು ಕೇಳಿದಾಗ ಅಂಗಡಿಯವನು ತಲೆಯಾಡಿಸಿದ.

"ಈಗ್ಲೇ ಬೇಡ ಮೇಡಂ. ಹೊಸ ನೀರಿಗೆ ಬಿಟ್ರೆ ಸಾಯ್ತವೆ. ಮೊದಲು ಗಿಡ ಬೇರು ಬಿಡ್ಲಿ, ನೀರು ಪಳಗ್ಲಿ. ಈ ಹನಿ ಹಾಕಿದಾಗ ಹಸಿರು ಬಂತಾ, ಇನ್ನೂ ಇಲ್ಲ. ಹಳದಿ ಬಂತಾ, ಮೀನು ತರಬಹುದು. ಒಂದೂವರೆ ತಿಂಗಳಾದ್ರೂ ಬೇಕು."

ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕಿದೆ. ಮೀನು ಬರುವ ಹೊತ್ತಿಗೆ ಚಿತ್ಕಳಾ ಹೊಳೆಯಾಚೆ ಇರುತ್ತಾಳೆ. ಇದು ನನಗೆ ಅಂಗಡಿಯಲ್ಲೇ ಹೊಳೆಯಬೇಕಿತ್ತು.

ಗಾಜು ಕಂಡು ಪಶುಪತಿ ಮೊದಲು ಬೆವರಿದರು, ಆಮೇಲೆ ಉತ್ಸಾಹಗೊಂಡರು. ಅವರು ನಮ್ಮ ಊರಿನಲ್ಲೇ ಟೈಲರ್. ಮನಸ್ಸಿಗೆ ಬಂದದ್ದು ಅವರ ಬಾಯಿಯಲ್ಲಿ ಒಂದು ನಿಮಿಷ ನಿಲ್ಲುವುದಿಲ್ಲ. ಅಳತೆ ತೆಗೆಯುವಾಗ ಗಿರಾಕಿಯ ಹೊಟ್ಟೆಯ ಬಗ್ಗೆಯೂ ಹೇಳಿಬಿಡುತ್ತಾರೆ. ನೀರು ಅವರ ಕಡೆಗೆ ವಾಲಿದ್ದನ್ನು ಯಾರೂ ಕಂಡಿಲ್ಲ.

"ನನಗೇನು ಭಯ?" ಅಂದರು. "ನಮ್ಮನೇಲಿ ಮುಚ್ಚಿಡೋದೇನಿದೆ? ಇಡು, ಬೀದಿಗೆ ಕಾಣೋ ಹಂಗೆ ಇಡು."

ಬೀದಿಗೆ ಕಾಣದ ಹಾಗೆ ಇಟ್ಟೆವು. ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ ಗಾಜಿಗೆ ಪಾಚಿ ಹತ್ತುತ್ತದೆ ಎಂದು ಅಂಗಡಿಯವನು ಹೇಳಿದ್ದ. ಗೋಡೆಗೆ ಒತ್ತಿ ಮೇಜು ಹಾಕಿ, ಅದರ ಒಂದು ತುದಿಗೆ ಚಿತ್ಕಳಾ ಓದುವ ಕುರ್ಚಿ, ಇನ್ನೊಂದು ತುದಿಗೆ ನಾನು ಪ್ರೂಫ್ ತಿದ್ದುವ ಕುರ್ಚಿ. ಇಬ್ಬರ ನಡುವೆ ತೊಟ್ಟಿ.

ಹೊಳೆಯಿಂದ ತಂದ ಮರಳು ತೊಳೆಯುವ ಕೆಲಸ ಇಷ್ಟಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಿತ್ತಲಿನಲ್ಲಿ ಕೂತು ಬಕೆಟ್ಟಿಗೆ ನೀರು ಹಾಕಿ ಕಲಕಿ ಚೆಲ್ಲಿದಷ್ಟೂ ರಾಡಿ ಬರುತ್ತಿತ್ತು. "ಅಕ್ಕಿ ತೊಳೆದ ಹಾಗಲ್ಲ, ಇದಕ್ಕೆ ಕೊನೆಯೇ ಇಲ್ಲ," ಎಂದು ಚಿತ್ಕಳಾ ನಕ್ಕಳು. ಅವಳು ಅಷ್ಟು ಹತ್ತಿರ ಕೂತು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ತಳಕ್ಕೆ ಮಣ್ಣು, ಅದರ ಮೇಲೆ ಮರಳು; ಮರಳು ತೆಳುವಾದರೆ ಮಣ್ಣು ಮೇಲೆದ್ದು ನೀರು ಕದಡುತ್ತದೆ. ಗಿಡಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ನೆಡಬೇಕು. ನನ್ನ ಕೈ ದೊಡ್ಡದು, ನೆಟ್ಟದ್ದೆಲ್ಲ ಕೈ ಎತ್ತುವಾಗ ಕಿತ್ತುಬರುತ್ತಿತ್ತು. ಆಮೇಲೆ ಅವಳೇ ನೆಟ್ಟಳು. ಹಿಂದೆ ಉದ್ದ ಪಟ್ಟಿ ಎಲೆಯವು, ಮುಂದೆ ಗಿಡ್ಡನೆಯವು. ಒಂದು ಗಿಡದ ಗೆಡ್ಡೆಯನ್ನು ಮಾತ್ರ ಹೂಳಬಾರದು, ಹೂತರೆ ಕೊಳೆಯುತ್ತದೆ. ಅದನ್ನೂ ನೀರುಪಾಚಿಯನ್ನೂ ಒಣಕೊರಡಿಗೆ ಕಟ್ಟಬೇಕು. ಪಶುಪತಿ ಅಂಗಡಿಯಿಂದ ಹಸಿರು ದಾರ ತಂದುಕೊಟ್ಟರು. ನಾನು ಪಾಚಿಯನ್ನು ಕೊರಡಿನ ಮೇಲೆ ಒತ್ತಿ ಹಿಡಿದೆ, ಚಿತ್ಕಳಾ ದಾರ ಸುತ್ತಿದಳು. ಒಂದು ಸುತ್ತಿನಲ್ಲಿ ನನ್ನ ಬೆರಳೂ ಸೇರಿ ಹೋಯಿತು.

"ಬೆರಳು ತೆಗೀರಿ."

"ಗಂಟು ಹಾಕಿದ ಮೇಲೆ ಹೇಳ್ತೀಯಲ್ಲೇ."

ಅವಳು ಗಂಟು ಬಿಚ್ಚಲಿಲ್ಲ. ನನ್ನ ಬೆರಳನ್ನು ಮೆಲ್ಲಗೆ ಎಳೆದು ಬಿಡಿಸಿ, ಸಡಿಲವಾದ ದಾರದೊಳಗೆ ಇನ್ನೊಂದು ಎಸಳು ಪಾಚಿ ತುರುಕಿದಳು. ಈ ಹುಡುಗಿ ಇಲ್ಲೇ ಇರಬೇಕು ಎಂದು ನನಗೆ ಅನಿಸಿದ್ದು ಆಗ. ಅದನ್ನು ಹೇಳಲಿಲ್ಲ. ಒಪ್ಪಿ ಹೊರಟವಳನ್ನು ತಡೆಯಲು ನಾನು ಯಾರು ಎಂದುಕೊಂಡೆ. ಅಂಥ ಒಂದು ಮಾತು ಆಗಷ್ಟೇ ಹುಟ್ಟಿದ್ದು. ತೂಕ ಬರಲು ಅದಕ್ಕೂ ದಿನ ಬೇಕಿತ್ತು.

ಮರಳು ಏಳದಂತೆ ತಳದಲ್ಲಿ ತಟ್ಟೆ ಇಟ್ಟು ಅದರ ಮೇಲೆ ಮೆಲ್ಲಗೆ ನೀರು ಸುರಿದೆವು. ಮೇಲೆ ಎರಡು ಬೆರಳು ಖಾಲಿ ಬಿಡಬೇಕೆಂದು ತೊಟ್ಟಿಯ ಜೊತೆ ಬಂದ ಸೂಚನೆಯಲ್ಲಿತ್ತು. "ತುಂಬಾ ಸುರಿ, ನೋಡೋಕೆ ಚೆನ್ನಾಗಿರುತ್ತೆ," ಎಂದು ಪಶುಪತಿ ತಾವೇ ಎರಡು ಚೊಂಬು ಸುರಿದರು. ನೀರು ನಿಂತಿತು. ನಿಂತು, ಚಿತ್ಕಳಾ ಇದ್ದ ಕಡೆಗೆ ಮೆಲ್ಲಗೆ ಏರಿತು.

ಅಷ್ಟು ದೊಡ್ಡ ಗಾಜಿನಲ್ಲಿ ಅದನ್ನು ನಾವು ಮೂವರೂ ಹಿಂದೆಂದೂ ನೋಡಿರಲಿಲ್ಲ. ಸ್ಕೇಲು ಹಿಡಿದು ಗೆರೆ ಎಳೆದ ಹಾಗೆ ಓರೆಯಾಗಿ ನಿಂತಿತ್ತು. ಚಿತ್ಕಳಾ ಮುಖ ಕೆಳಗೆ ಹಾಕಿದಳು.

"ಮೇಜು ಸರಿ ಇಲ್ಲ," ಎಂದರು ಪಶುಪತಿ ಥಟ್ಟನೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ಮಡಚಿ, ಭುಜ ಕೊಟ್ಟು ಮೇಜೆತ್ತಿ, ಅವಳ ಕಡೆಯ ಕಾಲುಗಳಡಿ ಇಟ್ಟರು. ತೊಟ್ಟಿಯ ಆ ತುದಿ ಎತ್ತರವಾಗಿ, ಅಂಚೂ ನೀರೂ ಒಂದೇ ಓರೆಗೆ ಬಂದವು. ನೋಡಲು ಎಲ್ಲ ಸರಿಯಿತ್ತು.

ಮೇಜು ಹಾಕಿದ ದಿನವೇ ನಾನು ಅದರ ಮೇಲೆ ಗೋಲಿ ಇಟ್ಟು ನೋಡಿದ್ದೆ. ಹಿತ್ತಲಿನ ಕಟ್ಟೆ ಕಟ್ಟಿಹೋದ ಗಾರೆಯವರು ಮರೆತುಹೋದ ಗೋಲಿ ಅದು, ನನ್ನ ಪೆನ್ನುಗಳ ಡಬ್ಬಿಯಲ್ಲಿತ್ತು. ಇಟ್ಟಲ್ಲಿಂದ ಕದಲಿರಲಿಲ್ಲ. ಮೇಜು ಸರಿ ಇತ್ತು. "ಹೌದು, ಮೇಜು ಹಳೇದು," ಎಂದು ನಾನೂ ಅಂದೆ.

ಆಮೇಲಿನ ವಾರಗಳಲ್ಲಿ ನಾವು ತೊಟ್ಟಿಯನ್ನು ನೋಡುತ್ತಾ ಬಹಳ ಕಲಿತೆವು. ಮೊದಲು ನೀರು ಗಂಜಿಯಂತೆ ಬೆಳ್ಳಗಾಯಿತು. ಪಶುಪತಿ ಚೆಲ್ಲಿ ಹೊಸದು ಹಾಕೋಣ ಎಂದರು. ಸೂಚನೆಯ ಪ್ರಕಾರ ಸುಮ್ಮನಿದ್ದೆವು, ತಾನಾಗಿ ತಿಳಿಯಾಯಿತು. ಕೊರಡು ಎರಡು ಸಲ ತೇಲಿ ಬಂತು, ಕಲ್ಲು ಹೇರಿದೆವು. ಗಿಡದ ಎಲೆಗಳು ಒಂದೊಂದಾಗಿ ಪಾರದರ್ಶಕವಾಗಿ ಕರಗಿದಾಗ ಎಲ್ಲ ಸತ್ತವು ಎಂದುಕೊಂಡೆ. ಚಿತ್ಕಳಾ ಗಾಜಿಗೆ ಮೂಗು ಒತ್ತಿ ನೋಡಿ, "ಇಲ್ಲ, ಇವು ನೀರಿನ ಹೊರಗೆ ಬೆಳೆದ ಎಲೆಗಳು, ಅದಕ್ಕೆ ಕರಗ್ತಿವೆ. ಬುಡದಲ್ಲಿ ನೋಡಿ, ಹೊಸವು ಬೇರೆ ಥರ ಇವೆ," ಅಂದಳು. ನೋಡಿದೆ. ಹೌದು, ಹೊಸ ಎಲೆಗಳು ತೆಳ್ಳಗೆ, ಉದ್ದಕ್ಕೆ, ಬೇರೆಯೇ ಹಸಿರಿನಲ್ಲಿದ್ದವು. ಯಾರೂ ಕರೆಯದ ಒಂದು ಬಸವನಹುಳು ಎಲೆಯಡಿಯಿಂದ ಹೊರಬಂದು ಗಾಜು ಹತ್ತಿತು. ಪಕ್ಕದ ಮನೆಯ ತುಳಸಮ್ಮ ಸಕ್ಕರೆ ಕೇಳಲು ಬಂದವರು ತೊಟ್ಟಿ ಕಂಡು ಕಣ್ಣು ಮುಚ್ಚಿಕೊಂಡರು. ಮಾರನೆಯ ದಿನ ಅಂಚಿಗೆ ಕಸೂತಿ ಹಾಕಿದ ಬಟ್ಟೆಯೊಂದನ್ನು ತಂದುಕೊಟ್ಟು, "ಹೊರಗಿನೋರು ಬಂದಾಗ ಹೊದಿಸಮ್ಮ, ಪಾಪ, ಅದಕ್ಕೂ ಮಾನ ಅನ್ನೋದಿರುತ್ತೆ," ಎಂದು ಹೇಳಿ ಹೋದರು.

ಸ್ವಲ್ಪ ದಿನಗಳ ಮೇಲೆ ನೀರು ನನ್ನ ಕಡೆಗೆ ವಾಲಿದಂತೆ ಕಂಡಿತು. ಪಶುಪತಿ ಏನೂ ಕೇಳದೆ ನನ್ನ ಕಡೆಯ ಕಾಲುಗಳಡಿಯೂ ಅಷ್ಟೇ ದಪ್ಪದ ಕಾಗದ ಇಟ್ಟರು. ಆಮೇಲೆ ನೀರು ಅಂಚಿಗೆ ಸಮನಾಗಿ ನಿಂತಿತು. ತಮ್ಮ ಅಂಗಡಿಗೆ ಬಂದವರಿಗೆಲ್ಲ ಪಶುಪತಿ ಅದನ್ನೇ ಹೇಳಿದರು: "ನಮ್ಮನೇಲಿ ಇಷ್ಟು ದೊಡ್ಡ ಗಾಜು, ಒಂದು ಕೂದಲಷ್ಟೂ ಓರೆ ಇಲ್ಲ ಕಣ್ರೀ."

ಒಂದು ಬೆಳಗ್ಗೆ ಚಿತ್ಕಳಾ ಹಾಲು ತರಲು ಹೋಗಿದ್ದಳು. ಪ್ರೂಫ್ ತಿದ್ದುತ್ತಾ ತಲೆಯೆತ್ತಿದೆ. ನೀರು ನನ್ನ ಕಡೆಗೆ ಪೂರ್ತಿ ಏರಿ ಅಂಚಿಗೆ ತಾಕುವಂತಿತ್ತು. ಎದ್ದು ಅವಳ ಕುರ್ಚಿಯಲ್ಲಿ ಕೂತೆ. ನೀರು ಅಲ್ಲಿಗೆ ಬಂತು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಆ ಮೂಲೆಗೆ ತಿರುಗಿತು. ಚಿತ್ಕಳಾ ಬಂದು ಹಾಲಿನ ಪಾತ್ರೆ ಇಟ್ಟು ತನ್ನ ಜಾಗದಲ್ಲಿ ಕೂತಳು, ನಾನು ನನ್ನ ಜಾಗದಲ್ಲಿ ಕೂತೆ. ನೀರು ನೆಟ್ಟಗಾಯಿತು. ಮರುದಿನ ನಾನೇ ಹೊರಗೆ ಹೋಗಿ ಕಿಟಕಿಯಿಂದ ಇಣುಕಿದೆ. ಒಳಗೆ ಅವಳೊಬ್ಬಳೇ ಇದ್ದಳು, ನೀರು ಅವಳ ಕಡೆ ಇತ್ತು. ಅಂದರೆ ಸಮ ನಿಂತ ನೀರು ಮಾತು ಮುಗಿದ ನೀರಲ್ಲ. ಎರಡು ಕಡೆಯಿಂದ ಸಮನಾಗಿ ಎಳೆಸಿಕೊಂಡ ನೀರು. ನಮ್ಮ ಊರಿನಲ್ಲಿ ಇದು ಯಾರಿಗೂ ತಿಳಿದಿಲ್ಲವೋ, ತಿಳಿದೂ ಹೇಳಿಲ್ಲವೋ ಗೊತ್ತಿಲ್ಲ. ಒಳ್ಳೆಯ ವರದಿಯಾಗುತ್ತಿತ್ತು. ಆದರೆ ನೀರು ತೋರಿಸಿದ್ದು ಸುದ್ದಿಯಲ್ಲ.

ಶಾಲೆ ತೆರೆಯುವುದು ಹತ್ತಿರವಾದಾಗ ಸರ್ವಮಂಗಳ ಬಂದರು. ಒಳ್ಳೆಯ ಹೆಂಗಸು, ಬರುವಾಗ ನನಗೊಂದು ಸೀರೆಯನ್ನೂ ಚಿತ್ಕಳಾಗೆ ಚಕ್ಕುಲಿಯನ್ನೂ ತಂದಿದ್ದರು. ತೊಟ್ಟಿಯ ಮೇಲೆ ತುಳಸಮ್ಮನ ಬಟ್ಟೆ ಹೊದಿಸಿದ್ದೆವು.

"ನಿನ್ ರೂಮಿಗೆ ಸುಣ್ಣ ಹೊಡೆಸಿದೀನಿ ಕಣೇ," ಅಂದರು. "ಕಿಟಕಿ ಹತ್ರ ಹೊಸ ಮೇಜು ಹಾಕ್ಸಿದೀನಿ. ಶಾಲೆ ತೆಗೆಯೋ ಮುಂಚಿನ ಭಾನುವಾರ ಬರ್ತೀನಿ, ರೆಡಿ ಇರು."

"ಹೂಂ ಚಿಕ್ಕಿ."

"ಏನೇ ಅದು ಹೂಂ? ಖುಷಿ ಇಲ್ವಾ?"

"ಇದೆ ಚಿಕ್ಕಿ."

ಬಟ್ಟೆಯ ಒಂದು ಅಂಚು ಒದ್ದೆಯಾಗತೊಡಗಿತು. ಅವಳ ಕಡೆಯ ಅಂಚು. ಸರ್ವಮಂಗಳ ಅದನ್ನು ನೋಡಿದರು, ಕಣ್ಣು ತೆಗೆದರು, ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವುತ್ತಾ ಕೂತರು.

"ಭಾವ, ಮೇಜು ಸರಿ ಇಲ್ಲ," ಅಂದರು ಕೊನೆಗೆ, ಮೆಲ್ಲಗೆ.

ಪಶುಪತಿ ಕಾಗದ ತರಲು ಎದ್ದರು. ಮಾತು ನನ್ನ ಬಾಯಿತುದಿಗೆ ಬಂದಿತ್ತು. ಸರ್ವಮಂಗಳ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಲಿ ಎಂದು ಕಾಯುತ್ತಿದ್ದಾರೆ ಎನಿಸಿತು. ಅಷ್ಟರಲ್ಲಿ ಬಟ್ಟೆಯ ನನ್ನ ಕಡೆಯ ಅಂಚೂ ಒದ್ದೆಯಾಯಿತು. ಪಶುಪತಿ ಎರಡೂ ಕಡೆ ನೋಡಿ, ಕಾಗದವನ್ನು ಎಲ್ಲಿಡಬೇಕೋ ತಿಳಿಯದೆ ಕಂಕುಳಲ್ಲಿಟ್ಟುಕೊಂಡು ಕೂತರು. ನಾನು ಕಾಫಿ ಮಾಡಲು ಒಳಗೆ ಹೋದೆ.

ಸರ್ವಮಂಗಳ ಬರಬೇಕಿದ್ದ ಭಾನುವಾರ ಬೆಳಗ್ಗೆ ಚಿತ್ಕಳಾಳ ಚೀಲ ಬಾಗಿಲ ಹತ್ತಿರ ಸಿದ್ಧವಾಗಿತ್ತು. ಅವಳು ತೊಟ್ಟಿಯೊಳಗೆ ಕೈಹಾಕಿ, ಮೇಲೆ ಬಂದು ಬಾಗಿದ ಉದ್ದ ಎಲೆಗಳನ್ನು ಕತ್ತರಿಸುತ್ತಿದ್ದಳು. ಕೊರಡಿನ ಪಾಚಿ ದಾರ ಕಾಣದಷ್ಟು ದಟ್ಟವಾಗಿತ್ತು. ನಾನು ಗಾಜಿನ ನಳಿಗೆಯಲ್ಲಿ ನೀರು ತೆಗೆದು ಹನಿ ಹಾಕಿ ಅಲ್ಲಾಡಿಸಿದೆ. ಹಳದಿ ಬಂತು. ಬೆಳಕಿಗೆ ಹಿಡಿದು ನೋಡಿದೆ, ಹಳದಿಯೇ.

"ಆಹಾ! ಇನ್ನೇನು, ಮೀನು ತರಬಹುದು!" ಎಂದರು ಪಶುಪತಿ.

"ಮುಂದಿನ ವಾರ ತರೋಣ," ಅಂದೆ.

ಕತ್ತರಿ ನಿಂತಿತು.

"ಮುಂದಿನ ವಾರ ನಾನಿರಲ್ಲ," ಅಂದಳು ಚಿತ್ಕಳಾ.

"ಗೊತ್ತು."

"ಯಾವಾಗಿಂದ ಗೊತ್ತು? ಮೀನು ಬರೋ ಹೊತ್ತಿಗೆ ನಾನಿರಲ್ಲ ಅಂತ?"

"ತೊಟ್ಟಿ ತಂದ ದಿನದಿಂದ."

"ಗೊತ್ತಿದ್ದೂ ಅಷ್ಟೂ ಗಿಡ ನನ್ ಕೈಲಿ ಯಾಕೆ ನೆಡ್ಸಿದ್ರಿ?" ಅವಳ ಕೈ ಇನ್ನೂ ನೀರಿನಲ್ಲೇ ಇತ್ತು. "ಬಾ ಅಂತ ಚಿಕ್ಕಿ ಹೇಳಿದ್ರು. ಹೋಗ್ತೀಯಾ ಅಂತ ಅಪ್ಪ ಕೇಳಿದ್ರು. ಅಪ್ಪಂಗೆ ನಾನು ಇನ್ನೇನು ಅನ್ಲಿ? ಆಗ ಮದುವೆ ಖುಷೀಲಿದ್ರು, ಆಯ್ತು ಅಂದೆ. ನೀವು ಮಾತ್ರ ಹೋಗು ಅಂತಾನೂ ಅನ್ಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ. ನೀವು ಏನಾದ್ರೂ ಅಂತೀರ ಅಂತ ಕಾಯ್ತಾನೇ ಇದ್ದೆ. ನನಗೆ ಹೋಗೋಕೆ ಇಷ್ಟ ಇಲ್ಲ. ಅಷ್ಟೇ. ಹೇಳಿದೆ."

ಅವಳು ಕೈ ಹೊರಗೆ ತೆಗೆದಳು. ಅವಳ ಕಡೆಯ ಎಳೆತ ಒಮ್ಮೆಲೇ ಬಿಟ್ಟುಹೋದದ್ದು ಕಣ್ಣಿಗೆ ಕಂಡಿತು. ತೊಟ್ಟಿಯ ಅಷ್ಟೂ ನೀರು ನನ್ನ ಕಡೆಗೆ ಎದ್ದು ಬಂದು, ಅಂಚು ದಾಟಿ ನನ್ನ ಮಡಿಲಿಗೂ ಮಡಿಲಲ್ಲಿದ್ದ ಪ್ರೂಫಿಗೂ ಸುರಿಯಿತು. ಪಟ್ಟಿ ಎಲೆಗಳೆಲ್ಲ ನನ್ನತ್ತ ಬಾಗಿ ನಿಂತವು. ನಾನು ಹಿಂದೆ ಸರಿದೆ, ಇನ್ನಷ್ಟು ಸುರಿಯಿತು.

"ಅಯ್ಯಯ್ಯೋ! ಮೇಜು ಸರಿ ಇಲ್ಲ, ಮೇಜು ಸರಿ ಇಲ್ಲ!" ಎನ್ನುತ್ತಾ ಪಶುಪತಿ ಕೈಗೆ ಸಿಕ್ಕಿದ ಇಡೀ ಭಾನುವಾರದ ಸಂಚಿಕೆಯನ್ನು ಮಡಚಿ, ಮೇಜೆತ್ತಿ, ನನ್ನ ಕಡೆಯ ಕಾಲುಗಳಡಿ ತುರುಕಿದರು. ನೀರು ಸುರಿಯುವುದು ನಿಲ್ಲಲಿಲ್ಲ. "ಲೇ ಹೇಮಾಕ್ಷಿ, ಅದೇನಿದೆಯೋ ಹೇಳಿಬಿಡೇ! ಗಿಡ ಕಿತ್ತು ಬರುತ್ತೆ!"

ಹೇಳಬೇಕಾದದ್ದನ್ನು ನಾನು ಮನಸ್ಸಿನಲ್ಲಿ ಹಲವು ಸಲ ತಿದ್ದಿ ಇಟ್ಟಿದ್ದೆ. ಅದರಲ್ಲಿ ಅವಳ ಇಷ್ಟ, ಅವಳ ಓದು, ಸರ್ವಮಂಗಳರ ಪ್ರೀತಿ ಎಲ್ಲಕ್ಕೂ ಜಾಗವಿತ್ತು. ಅದೊಂದೂ ಬಾಯಿಗೆ ಬರಲಿಲ್ಲ.

"ಹೋಗ್ಬೇಡ," ಅಂದೆ. "ಇಲ್ಲೇ ಇರು ಚಿತ್ಕಳಾ. ಪಾಚಿ ಕಟ್ಟಿದ ದಿನದಿಂದ ಹೇಳ್ಬೇಕು ಅಂತಿದ್ದೆ. ನೀನು ಹೋದ್ರೆ ನನಗೆ ಈ ಮನೇಲಿ ಆಗಲ್ಲ."

ನೀರು ಹಿಂದಕ್ಕೆ ಹೋಯಿತು. ಒಂದು ಅಲೆ ಅತ್ತ ತುದಿಗೆ ಬಡಿದು, ಇತ್ತ ಬಂದು, ಮತ್ತೆ ಅತ್ತ ಹೋಗಿ, ಸಣ್ಣಗಾಗುತ್ತಾ ನಿಂತಿತು. ಬಸವನಹುಳು ಗಾಜಿನ ಮೇಲೆ ಇದ್ದಲ್ಲೇ ಇತ್ತು. ಹೊರಗೆ ಗೇಟಿನ ಸದ್ದಾಯಿತು; ಸರ್ವಮಂಗಳ ಬಂದಿದ್ದರು. ಬಾಗಿಲಲ್ಲಿ ನಿಂತು ನನ್ನ ಒದ್ದೆ ಸೀರೆ, ನೆಲದ ಮೇಲಿನ ನೀರು, ಎಲ್ಲ ನೋಡಿ ಚಪ್ಪಲಿ ಬಿಡುವುದನ್ನು ಮರೆತರು. ಚಿತ್ಕಳಾ ಅವರ ಕಡೆ ತಿರುಗಿ, "ಚಿಕ್ಕಿ, ನಾನು ಬರಲ್ಲ. ರಜಕ್ಕೆ ಬರ್ತೀನಿ," ಅಂದಳು. ಸರ್ವಮಂಗಳ ಈಗ ಚಪ್ಪಲಿ ಬಿಟ್ಟರು. ಅವರ ಕಣ್ಣು ತುಂಬಿತ್ತು.

"ಅವತ್ತೇ ಹೇಳ್ಬಾರ್ದಿತ್ತೇನೇ," ಅಂದರು. "ಬಟ್ಟೆ ಒದ್ದೆ ಆಗಿದ್ದು ನಾನು ನೋಡ್ಲಿಲ್ವಾ? ಸುಣ್ಣ ಬೇರೆ ಹೊಡೆಸಿದೆ. ಇರಲಿ, ರಜಕ್ಕೆ ಬಾ. ಮೇಜು ಅಲ್ಲೇ ಇರುತ್ತೆ." ಚೀಲವನ್ನು ತಾವೇ ಎತ್ತಿ ಬಾಗಿಲಿಂದ ಒಳಗೆ ತಂದಿಟ್ಟರು.

ಆಗ ಪಶುಪತಿ ತೊಟ್ಟಿಯತ್ತ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯೋ, ಮತ್ತೆ ಚಿತ್ತೂ ಕಡೆಗೇ ಹೋಗಿದೆಯಲ್ಲಾ! ಇನ್ನೂ ಏನಿಟ್ಕೊಂಡಿದೀಯೇ ಮಾರಾಯ್ತಿ?"

ನೋಡಿದೆ. ಹೌದು, ಅವಳ ತುದಿಯಲ್ಲಿ ನೀರು ಅಂಚಿಗೆ ಹತ್ತಿರವಿತ್ತು, ನನ್ನ ತುದಿಯಲ್ಲಿ ಬಹಳ ಕೆಳಗಿತ್ತು.

"ಏನೂ ಇಲ್ಲಪ್ಪ," ಅಂದಳು ಚಿತ್ಕಳಾ. "ಮೇಜು ಸರಿ ಇಲ್ಲ."

ನಮ್ಮ ಊರಿನಲ್ಲಿ ಆ ಮಾತಿನ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಪೆನ್ನುಗಳ ಡಬ್ಬಿಯಿಂದ ಗೋಲಿ ತೆಗೆದು, ಮೇಜಿನ ನನ್ನ ತುದಿಯಲ್ಲಿ, ಅಡಿಯಲ್ಲಿ ಭಾನುವಾರದ ಸಂಚಿಕೆಯಿದ್ದ ಕಡೆ, ತೊಟ್ಟಿಯ ಮುಂದೆ ಇಟ್ಟು ಕೈಬಿಟ್ಟೆ. ಅದು ಒಂದು ಕ್ಷಣ ನಿಂತಿತು. ಆಮೇಲೆ ಗಾಜಿನ ಉದ್ದಕ್ಕೂ, ಗಿಡಗಳನ್ನೂ ಕೊರಡನ್ನೂ ದಾಟಿ ಉರುಳಿಕೊಂಡು ಹೋಗಿ ಆ ತುದಿಯಲ್ಲಿ ಬಿತ್ತು. ಚಿತ್ಕಳಾ ಅಂಗೈ ಒಡ್ಡಿ ನಿಂತಿದ್ದಳು.